ಖಾಲಿ ಉಳಿದ ಬಲಪುಟಗಳು

ತಾಯಲೂರು,
ಮುಳಬಾಗಿಲು ತಾಲ್ಲೂಕು.
೧೧ ಮಾರ್ಚ್ ೨೦೦೭, ಭಾನುವಾರ

ಪ್ರೀತಿಯ ಮುಖ್ತಿಯಾರ್‌ಗೆ,

ಸೀತಾರಾಮನ ಸಲಾಮು, ನಮಸ್ಕಾರ, ಇನ್ನೇನೇನು ಉಳಿದಿದೆಯೋ ಅದೆಲ್ಲ.

ಪರದೆ ಎದ್ದ ಮೇಲೆ ಪಾತ್ರಧಾರಿ ಒಂದು ಗಳಿಗೆ ತಡಮಾಡಿದರೆ ಸಾಕು, ಹಿಂದಿನ ಸಾಲಿನಿಂದ ಶಿಳ್ಳೆ ಬೀಳುತ್ತೆ. ನಾನು ಎಂಟೂವರೆ ವರ್ಷ ತಡಮಾಡಿದ್ದೀನಿ. ಶಿಳ್ಳೆ ಹೊಡಿ, ಚಪ್ಪಲಿ ಎಸಿ, ನಿನ್ನಿಷ್ಟ. ಆದರೆ ಕಾಗದ ಮಾತ್ರ ಹರೀಬೇಡ. ತಾಯಲೂರಿಗೂ ನಿಮ್ಮ ಯಲ್ದೂರಿಗೂ ಏನು ಮಹಾ ದೂರ? ಎದುರಿಗೇ ಬಂದು ಹೇಳೋಣ ಅಂತ ಎರಡು ಸಲ ಬಸ್ಸು ಹತ್ತಿದೆ. ಎರಡು ಸಲವೂ ಮುಳಬಾಗಿಲಿನಲ್ಲಿ ಇಳಿದು, ಒಂದು ಕಾಫಿ ಕುಡಿದು ವಾಪಸ್ ಬಂದೆ. ಸಾವಿರ ಜನರ ಮುಂದೆ ನಿಲ್ಲೋ ಕಾಲು ಇದು ಕಣೋ, ನಿನ್ನೊಬ್ಬನ ಮುಂದೆ ನಿಲ್ಲೋಕೆ ಆಗಲಿಲ್ಲ.

ನಾವು ಕ್ಷೇಮ. ಅಂಬಾಬಾಯಿಗೆ ಮಂಡಿ ನೋವು, ಆದರೂ ನನ್ನನ್ನ ಬಯ್ಯೋಕೆ ಮಂಡಿ ಬೇಕಾಗಿಲ್ಲವಲ್ಲ, ಅದು ಸಾಂಗವಾಗಿ ನಡೀತಿದೆ. ನನಗೆ ನಿವೃತ್ತಿಗೆ ಇನ್ನೂ ನಾಲ್ಕು ವರ್ಷ ಇದೆ. ನಿಮ್ಮ ಕಡೆ ಮಾವು ಈ ಸಲ ಹೂವಲ್ಲೇ ಉದುರ್ತಿದೆ ಅಂತ ಯಾರೋ ಅಂದರು. ನಿನ್ನ ಮಗಳು ಸಿದ್ರಾ ಡಿ.ಎಡ್.ಗೆ ಸೇರಿದ್ದಾಳೆ ಅಂತ ಕೇಳಿ ಕಣ್ಣು ತುಂಬಿ ಬಂತು. ಸ್ಲೇಟು ಹಿಡಿದು ನನ್ನ ಭುಜದ ಮೇಲೆ ಕೂತು ನಾಟಕದ ಮಾತು ಹೇಳಿಸಿಕೊಳ್ತಿದ್ದ ಮಗು ಮೇಡಂ ಆಗ್ತಾಳಾ! ಈ ಕಾಗದವನ್ನು ಅವಳಿಗೂ ಓದೋಕೆ ಕೊಡು. ಅದಕ್ಕೇ, ನಿನಗೆ ಗೊತ್ತಿರೋದನ್ನೂ ಮೊದಲಿಂದ ಹೇಳ್ತೀನಿ. ಬೇಜಾರು ಮಾಡಿಕೋಬೇಡ.

ಮುಖ್ತಿಯಾರ್, ಅಂಜಮ್ಮ ಟೀಚರ್ ಹೋಗಿಬಿಟ್ಟರು.

ಹೋದ ತಿಂಗಳು ಇಪ್ಪತ್ತೆರಡರಂದು ಕೋಲಾರಕ್ಕೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ವೆಂಕಟರತ್ನಮ್ಮನ ಹೂವಿನಂಗಡಿ ಮುಂದೆ ಕಳ್ಳನ ಹಾಗೆ ತಲೆ ತಗ್ಗಿಸಿ ದಾಟ್ತಿದ್ದೆ. ಆಯಮ್ಮ ಬಿಡ್ತಾಳಾ? "ಏಂ ಸಾರೂ, ಬನ್ನಿ ಇಲ್ಲಿ!" ಅಂತ ಕೂಗಿದಳು. ಹತ್ತಿರ ಹೋದೆ. ಕನಕಾಂಬರ ಕಟ್ತಾ ಕಟ್ತಾ, ಮುಖ ಎತ್ತದೆ ಕೇಳಿದಳು: "ನಿಮ್ಮ ಪುಸ್ತಕದ ಟೀಚರಮ್ಮನಿಗೆ ಮಾಲೆ ಕಟ್ಟಿದ್ದು ನಾನೇ. ಹದಿನೇಳನೇ ತಾರೀಖು ವೇಮಗಲ್ಲಿಂದ ಜನ ಬಂದು ತಗೊಂಡು ಹೋದ್ರು. ನೀವು ಕಾಣಲಿಲ್ಲವಲ್ಲ ಸಾರೂ, ಹೋಗಲಿಲ್ವಾ?"

ನಮ್ಮಪ್ಪ ರಾಜಾಪಾರ್ಟಿನ ನಟ, ನಿನಗೆ ಗೊತ್ತು. ಕಂಪನಿ ಮುಳಬಾಗಿಲಿನಲ್ಲಿ ಬೀಡುಬಿಟ್ಟಾಗ ಕಿರೀಟದ ಪೆಟ್ಟಿಗೆ ಪಕ್ಕದಲ್ಲೇ ಮಲಗಿ ಬೆಳೆದವನು ನಾನು. ಸತ್ತ ಸುದ್ದಿ ಕೇಳಿದಾಗ ಹೇಗೆ ಎರಡು ಹೆಜ್ಜೆ ಹಿಂದಿಟ್ಟು, ಎದೆ ಮೇಲೆ ಕೈಯಿಟ್ಟು, ಕಂಬಕ್ಕೆ ಒರಗಬೇಕು ಅಂತ ಏಳನೇ ವಯಸ್ಸಿಗೇ ಕಲಿತಿದ್ದೆ. ಅವತ್ತು ಒಂದೂ ನೆನಪಾಗಲಿಲ್ಲ. "ಹೌದಾ" ಅಂದೆ ಅಷ್ಟೇ. ಬಸ್ಸು ಬಂತು, ಹತ್ತಿದೆ.

ಸಿದ್ರಾ ಪುಟ್ಟಾ, ಈಗ ನಿನಗೆ ಹೇಳ್ತೀನಿ ಕೇಳು. ತೊಂಬತ್ತೈದರಲ್ಲಿ ಕೋಲಾರದಲ್ಲಿ ಮೇಷ್ಟ್ರುಗಳಿಗೆ ಐದು ದಿನದ ತರಬೇತಿ. ಬಂದವರೆಲ್ಲ ಭಾಷಣ ಮಾಡೋರೇ. ಹಿಂದಿನ ಬೆಂಚಿನಲ್ಲಿ ನಾಲ್ಕು ಜನ: ನಿಮ್ಮಪ್ಪ, ನಾನು, ಮಾಲೂರಿನಿಂದ ಪ್ರಿಯಂವದಾ ಅಂತ ಆಗಷ್ಟೇ ಕೆಲಸಕ್ಕೆ ಸೇರಿದ ವಿಜ್ಞಾನದ ಹುಡುಗಿ, ಮತ್ತೆ ವೇಮಗಲ್ಲಿನ ಅಂಜಮ್ಮ ಟೀಚರ್. ಕನ್ನಡಕದ ಒಂದು ಕಡ್ಡಿ ಮುರಿದು ಅದಕ್ಕೆ ಕಪ್ಪು ದಾರ ಸುತ್ತಿಕೊಂಡಿದ್ದರು. ಮಾತಾಡುವಾಗ ಸೀಮೆಸುಣ್ಣದ ತುಂಡಿನಿಂದ ಬೆರಳ ಗೆಣ್ಣಿನ ಮೇಲೆ ಟಕಟಕ ಬಡಿಯೋದು ಅವರ ಅಭ್ಯಾಸ. ಮೂರನೇ ದಿನ ಊಟದ ಹೊತ್ತಿಗೆ ಅಂದರು: "ಇಲ್ಲಿ ಎಲ್ಲರೂ ಗೊತ್ತಿರೋದನ್ನೇ ಹೇಳ್ತಾರಲ್ಲ ಮೇಷ್ಟ್ರೇ. ಗೊತ್ತಿಲ್ಲದ್ದನ್ನ ಕೇಳೋಕೆ ನಮಗೆ ಒಂದು ಜಾಗ ಇಲ್ವಲ್ಲ. ಹೆಡ್‌ಮೇಷ್ಟ್ರನ್ನ ಕೇಳಿದ್ರೆ ನಗ್ತಾರೆ. ಇನ್‌ಸ್ಪೆಕ್ಟರನ್ನ ಕೇಳಿದ್ರೆ ಬರ್ಕೋತಾರೆ. ಮಕ್ಕಳನ್ನ ಕೇಳೋ ಹಾಗಿಲ್ಲ."

ಆ ಮಾತಿಂದ ಪುಸ್ತಕ ಹುಟ್ಟಿತು. ಇನ್ನೂರು ಪುಟದ್ದು, ನೀಲಿ ರಟ್ಟು. ನಿಯಮ ಒಂದೇ: ಎಡಪುಟದಲ್ಲಿ ನಿನಗೆ ಗೊತ್ತಿಲ್ಲದ್ದನ್ನು ಬರಿ, ಎದುರಿನ ಬಲಪುಟದಲ್ಲಿ ಉಳಿದ ಮೂವರು ತಮಗೆ ತಿಳಿದದ್ದನ್ನು ಬರೀಬೇಕು. ಗೊತ್ತಿರೋದನ್ನ ಎಡಪುಟದಲ್ಲಿ ಬರೆಯೋ ಹಾಗಿಲ್ಲ. ಓದಿದ್ದನ್ನ ಹೊರಗೆ ಆಡೋ ಹಾಗಿಲ್ಲ. ವೇಮಗಲ್ಲಿನಿಂದ ತಾಯಲೂರು, ತಾಯಲೂರಿನಿಂದ ಯಲ್ದೂರು, ಯಲ್ದೂರಿನಿಂದ ಮಾಲೂರು, ಮಾಲೂರಿನಿಂದ ಮತ್ತೆ ವೇಮಗಲ್ಲು. ಬಸ್ಸುಗಳೆಲ್ಲ ಕೋಲಾರಕ್ಕೇ ಬರ್ತಿದ್ದರಿಂದ, ಶನಿವಾರ ಬೆಳಗಿನ ಶಾಲೆ ಮುಗಿಸಿ ವೆಂಕಟರತ್ನಮ್ಮನ ಅಂಗಡಿಯಲ್ಲಿ ಬಿಡೋದು, ಅಲ್ಲಿಂದ ತಗೊಳ್ಳೋದು. ಆಯಮ್ಮನಿಗೆ ಓದೋಕೆ ಬರಲ್ಲ. ಆದರೆ ಬಾಳೆನಾರಿನಲ್ಲಿ ಪುಸ್ತಕ ಕಟ್ಟಿ, ಟೀಚರಮ್ಮನಿಗಾದರೆ ಕನಕಾಂಬರ, ನಿಮ್ಮಪ್ಪನಿಗಾದರೆ ಮರುಗ, ಮಾಲೂರಿಗೆ ಮಲ್ಲಿಗೆ, ನನಗೆ ಸೇವಂತಿಗೆ ಸಿಕ್ಕಿಸೋಳು. ಮೂರು ವರ್ಷದಲ್ಲಿ ಒಂದು ಸಲವೂ ತಪ್ಪಲಿಲ್ಲ. ಪುಸ್ತಕ ಬಿಚ್ಚಿದರೆ ಒದ್ದೆ ಗೋಣಿ, ಹೂವು, ಎರಡರ ವಾಸನೆಯೂ ಬರ್ತಿತ್ತು.

ನೆನಪಿದೆಯಾ ಮುಖ್ತಿಯಾರ್? ನೀನು ಬರೆದಿದ್ದೆ, "ಕನ್ನಡ ಪಾಠ ಮಾಡುವಾಗ ನನ್ನ 'ಹ'ಕಾರ ಕೇಳಿ ಮಕ್ಕಳು ನಗ್ತಾರೆ, ಏನು ಮಾಡಲಿ?" ಅಂತ. ಅದಕ್ಕೆ ಅಂಜಮ್ಮ ಟೀಚರ್, "ಸಾಹೇಬರೇ, ಮಕ್ಕಳ ಜೊತೆ ನೀವೂ ನಕ್ಕುಬಿಡಿ. ಎರಡನೇ ಸಲಕ್ಕೆ ಅವರಿಗೇ ಸಾಕಾಗುತ್ತೆ" ಅಂದಿದ್ದರು. ಪ್ರಿಯಂವದಾ, ಕಪ್ಪೆ ಕೊಯ್ಯೋ ಪಾಠಕ್ಕೆ ಮುಂಚೆ ತನಗೇ ತಲೆಸುತ್ತು ಬರುತ್ತೆ ಅಂತ ಬರೆದಿದ್ದಳು. ಅದಕ್ಕೆ ನೀನು ಕೊಟ್ಟ ಉತ್ತರವನ್ನ ನಾನು ಇಲ್ಲಿ ಬರೆಯೋ ಹಾಗಿಲ್ಲ, ಸಿದ್ರಾ ಓದ್ತಾಳೆ.

ಇನ್ನು ಆ ದಿನಕ್ಕೆ ಬರ್ತೀನಿ.

ತೊಂಬತ್ತೆಂಟರ ಸೆಪ್ಟೆಂಬರ್ ಐದು, ಶನಿವಾರ. ಕೋಲಾರದ ಕಲ್ಯಾಣಮಂಟಪದಲ್ಲಿ ಶಿಕ್ಷಕರ ದಿನಾಚರಣೆ. ಪುಸ್ತಕ ಆ ವಾರ ನನ್ನ ಹತ್ತಿರ ಇತ್ತು, ನಿನಗೆ ದಾಟಿಸೋಣ ಅಂತ ಚೀಲದಲ್ಲೇ ತಂದಿದ್ದೆ. ಅಂಜಮ್ಮ ಟೀಚರ್ ಬರೆದ ಎಡಪುಟ ಇದು, ಒಂದಕ್ಷರ ಬಿಡದೆ ಇಲ್ಲಿ ನಕಲು ಮಾಡ್ತೀನಿ:

"ಆರನೇ ಕ್ಲಾಸಿಗೆ ಭಿನ್ನರಾಶಿಯ ಭಾಗಾಕಾರ. ಎರಡನೇ ಭಿನ್ನವನ್ನು ತಲೆಕೆಳಗು ಮಾಡಿ ಗುಣಿಸಿ ಎಂದು ಹದಿನೆಂಟು ವರ್ಷದಿಂದ ಹೇಳುತ್ತಿದ್ದೇನೆ. ದೋಸೆ ಮಗುಚಿದ ಹಾಗೆ ಮಗುಚಿ ಹಾಕಿ ಅನ್ನುತ್ತೇನೆ, ಮಕ್ಕಳಿಗೆ ಖುಷಿ. ಇವತ್ತು ಸೌಪರ್ಣಿಕಾ ಎಂಬ ಹುಡುಗಿ ಎದ್ದು, ಅರ್ಧವನ್ನು ಕಾಲಿನಿಂದ ಭಾಗಿಸಿದರೆ ಎರಡು ಬಂತಲ್ಲ ಮಿಸ್, ಹಂಚಿದರೆ ಕಮ್ಮಿ ಆಗಬೇಕು, ಜಾಸ್ತಿ ಯಾಕಾಯಿತು, ಯಾಕೆ ಮಗುಚಬೇಕು ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಕೋಪ ಬಂತು. ಅವಳನ್ನು ಬಿಸಿಲಲ್ಲಿ ನಿಲ್ಲಿಸಿದೆ. ಗಂಟೆ ಹೊಡೆಯುವ ತನಕ ನಿಂತಿದ್ದಳು. ಯಾಕೆ ಮಗುಚಬೇಕು? ಯಾರಾದರೂ ತಿಳಿಸಿ. ನಾನು ಆ ಮಗುವಿಗೆ ಹೇಳಬೇಕು."

ನನ್ನ ಏಕಪಾತ್ರಾಭಿನಯ ಊಟಕ್ಕೆ ಮುಂಚೆ ಇತ್ತು. ಒಳಗಿಂದ ಸಾರಿನ ಒಗ್ಗರಣೆ ವಾಸನೆ ಬರ್ತಿದೆ, ಮೈಕು ಕಿರುಚ್ತಿದೆ. ನಾನು ಗದೆ ಎತ್ತಿ ಗರ್ಜಿಸ್ತಿದ್ದೀನಿ, ಜನ ಎಲೆ ಹಿಡಿಯೋಕೆ ಒಬ್ಬೊಬ್ಬರೇ ಏಳ್ತಿದ್ದಾರೆ. ನಮ್ಮಪ್ಪ ಸಾಯೋವರೆಗೂ ಒಂದೇ ಮಾತು ಹೇಳ್ತಿದ್ದ: "ಎದುರಿಗೆ ಕೂತೋನು ಎದ್ದು ಹೋಗಬಾರದು ಕಣೋ ಮಗಾ, ಎದ್ದು ಹೋದರೆ ನೀನು ಸತ್ತ ಹಾಗೆ." ಗದೆ ಕೆಳಗಿಟ್ಟೆ. ಹೆಗಲ ಮೇಲಿನ ಟವೆಲನ್ನ ಸೆರಗು ಮಾಡಿಕೊಂಡೆ. ಇಲ್ಲದ ಕನ್ನಡಕವನ್ನ ಮೂಗಿನ ಮೇಲೆ ಏರಿಸಿದೆ. ಬೆರಳ ಗೆಣ್ಣಿನ ಮೇಲೆ ಟಕಟಕ ಬಡಿದು, "ಯಾಕೆ ಅಂತ ಕೇಳ್ತೀಯೇನೇ? ಮಗುಚೇ! ದೋಸೆ ಮಗುಚಿದ ಹಾಗೆ ಮಗುಚಿ ಹಾಕೇ!" ಅಂದೆ.

ಎದ್ದಿದ್ದವರು ಕೂತರು. ಊಟಕ್ಕೆ ಹೋದವರು ಎಲೆ ಹಿಡಿದುಕೊಂಡೇ ವಾಪಸ್ ಬಂದರು. ಆ ನಗು ಇದೆಯಲ್ಲ ಮುಖ್ತಿಯಾರ್, ಛಾವಣಿ ಹಾರಿಹೋಗೋ ನಗು. ನಾನು ಹೆಸರು ಹೇಳಲಿಲ್ಲ. ಹೇಳೋ ಅಗತ್ಯವಿತ್ತಾ? ವೇಮಗಲ್ಲಿನವರ ಸಾಲಿನಿಂದ ಯಾರೋ, "ಅಯ್ಯಯ್ಯೋ, ನಮ್ಮ ಅಂಜಮ್ಮ ಟೀಚರ್ರೂ!" ಅಂತ ಕೂಗಿದರು. ಇನ್ನೊಂದು ಸಲ ನಗು.

ಅವರು ಮೂರನೇ ಸಾಲಿನಲ್ಲಿ ಕೂತಿದ್ದರು. ಎದ್ದು, ಸೆರಗು ಸರಿಮಾಡಿಕೊಂಡು, ವೇದಿಕೆ ಮೆಟ್ಟಿಲ ಹತ್ತಿರ ಬಂದು ಕೈ ಚಾಚಿದರು. "ಪುಸ್ತಕ ಕೊಡಿ ಮೇಷ್ಟ್ರೇ." ಅಷ್ಟೇ. ಕೊಟ್ಟೆ. ನೀನು ಬಾಗಿಲ ಹತ್ತಿರ ನನ್ನನ್ನ ತಡೆದು ನಿಲ್ಲಿಸಿ ಅಂದೆ: "ಸೀತು, ಇಷ್ಟು ವರ್ಷ ನಮ್ಮ ಜೊತೆ ಕೂತಿದ್ದೀಯ ಅಂದ್ಕೊಂಡಿದ್ದೆ ಕಣೋ. ನೀನು ಸ್ಟೇಜ್ ಮೇಲೇ ಇದ್ದೆ." ಆಮೇಲೆ ನೀನು ನನ್ನ ಜೊತೆ ಮಾತಾಡಿಲ್ಲ. ಸರಿಯಾಗೇ ಮಾಡಿದೆ.

ಆಯ್ತಾ, ಇಷ್ಟು ನಿನಗೆ ಗೊತ್ತಿದ್ದ ಕಥೆ. ಗೊತ್ತಿಲ್ಲದ್ದು ಈಗ.

ಇಪ್ಪತ್ತೈದನೇ ತಾರೀಖು ಭಾನುವಾರ ವೇಮಗಲ್ಲಿಗೆ ಹೋದೆ. ಟೀಚರ್ ಅವರ ತಂಗಿ ಭಾರತಮ್ಮ ಬಾಗಿಲಲ್ಲಿ ಅಕ್ಕಿ ಆರಿಸ್ತಾ ಕೂತಿದ್ದರು. "ನಮಸ್ಕಾರಮ್ಮಾ" ಅಂದೆ ನೋಡು, ಮೊರದಿಂದ ತಲೆ ಎತ್ತಲಿಲ್ಲ. "ತಾಯಲೂರು ಮೇಷ್ಟ್ರಾ? ಗಂಟಲು ಕೇಳಿದ್ರೇ ಗೊತ್ತಾಗುತ್ತೆ. ಅಕ್ಕ ಹೇಳ್ತಿದ್ಲು, ಆಯಪ್ಪ ಪಿಸುಗುಟ್ಟಿದ್ರೂ ಹೊಲದಾಚೆ ಎತ್ತು ಕಿವಿ ನಿಮಿರ್ಸುತ್ತೆ ಅಂತ." ನಾನು ಕ್ಷಮೆ ಕೇಳೋ ಮಾತನ್ನ ಬಸ್ಸಿನಲ್ಲೇ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಶುರು ಮಾಡಿದೆ. ಎರಡು ವಾಕ್ಯ ಆಗಿತ್ತು, ಆಯಮ್ಮ ಕೈ ಅಡ್ಡ ಹಿಡಿದರು. "ಬೇಡ ಬಿಡಿ ಮೇಷ್ಟ್ರೇ. ಚೆನ್ನಾಗಿ ಹೇಳ್ತೀರ, ಅದೇ ಬೇಡ."

ಒಳಗೆ ಹೋಗಿ ಬಟ್ಟೆಯಲ್ಲಿ ಸುತ್ತಿದ್ದ ಕಟ್ಟು ತಂದು ಕೊಟ್ಟರು. ಮೂರು ಪುಸ್ತಕ. ಮೇಲಿದ್ದದ್ದು ನಮ್ಮ ನೀಲಿ ರಟ್ಟು. ಕೆಳಗಿನ ಎರಡನ್ನ ನಾನು ಯಾವತ್ತೂ ನೋಡಿರಲಿಲ್ಲ. "ಪ್ರತಿ ಶನಿವಾರ ಕೂತು ಬರೀತಿದ್ಲು. ಯಾರಿಗೆ ಅಂದ್ರೆ, ಸರದಿ ಬಂದಾಗ ಕಳಿಸ್ತೀನಿ ಅನ್ನೋಳು. ಸರದಿ ಯಾವಾಗ ಬರುತ್ತೆ ಅಂತ ನಾನು ಕೇಳಲಿಲ್ಲ."

ಮುಖ್ತಿಯಾರ್, ಅವರು ನಿಲ್ಲಿಸಿರಲಿಲ್ಲ. ಸೆಪ್ಟೆಂಬರ್ ಹನ್ನೆರಡು, ಅಂದರೆ ಆ ದಿನದಿಂದ ಒಂದೇ ವಾರಕ್ಕೆ ಮುಂದಿನ ಎಡಪುಟ: "ಗೋಡೆ ಮೇಲೆ ದೋಸೆ ಟೀಚರ್ ಎಂದು ಇದ್ದಿಲಲ್ಲಿ ಬರೆದಿದ್ದಾರೆ. ಅಳಿಸಬೇಕೋ, ಮಕ್ಕಳ ಜೊತೆ ನಗಬೇಕೋ? ಸಾಹೇಬರಿಗೆ ನಾನೇ ನಗಲು ಹೇಳಿದ್ದೆ. ನನಗೆ ಆಗುತ್ತಿಲ್ಲ."

ಆ ವರ್ಷವೇ ಗಣಿತ ಬಿಟ್ಟು ಒಂದನೇ ಕ್ಲಾಸು ಕೇಳಿ ತಗೊಂಡರಂತೆ. ೨೦೦೧ರ ಜುಲೈ: "ಒಂದು ಮಗು ಅಕ್ಷರಗಳನ್ನೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ ಬರೆಯುತ್ತೆ. ತಿದ್ದಿದರೆ ಅಳುತ್ತೆ. ಪ್ರಿಯಂವದಾ, ಇದು ಕಣ್ಣಿನದೋ, ಕೈಯದೋ?" ೨೦೦೩ರ ನವೆಂಬರ್: "ಫ್ಯಾಕ್ಟರಿ ಪಾಳಿಗೆ ಹೋಗುವ ತಾಯಿಯ ಮಗು ಬೆಂಚಿನಲ್ಲೇ ನಿದ್ದೆ ಹೋಗುತ್ತೆ. ಎಬ್ಬಿಸಬೇಕಾ, ಮಲಗಲು ಬಿಡಬೇಕಾ?" ೨೦೦೫ರ ಆಗಸ್ಟ್: "ಶಾಲೆಗೆ ಕಂಪ್ಯೂಟರ್ ಬಂದಿದೆ. ರಟ್ಟಿನ ಪೆಟ್ಟಿಗೆ ಬಿಚ್ಚಲು ಎಲ್ಲರಿಗೂ ಹೆದರಿಕೆ, ನನಗೂ. ಅದರೊಳಗೆ ಎಲ್ಲಾ ಪ್ರಶ್ನೆಗೂ ಉತ್ತರ ಇದೆಯಂತೆ. ಕೇಳುವುದು ಹೇಗೆ?"

ಪ್ರತಿ ಎಡಪುಟದ ಎದುರಿಗೂ ಒಂದು ಬಲಪುಟ. ಸ್ಕೇಲಿಟ್ಟು ಎರಡು ಗೆರೆ ಎಳೆದು ಮೂರು ಭಾಗ ಮಾಡಿದ್ದಾರೆ. ಒಂದೊಂದರ ತಲೆಯಲ್ಲೂ ಒಂದು ಹೆಸರು: ಸೀತಾರಾಮ ಮೇಷ್ಟ್ರು. ಮುಖ್ತಿಯಾರ್ ಸಾಹೇಬರು. ಪ್ರಿಯಂವದಾ. ಅದರ ಕೆಳಗೆ ಖಾಲಿ. ಪುಟ ತಿರುಗಿಸಿದರೆ ಮತ್ತೆ ನಮ್ಮ ಹೆಸರು, ಮತ್ತೆ ಖಾಲಿ. ಮೂರು ಪುಸ್ತಕದಲ್ಲಿ ಒಂದು ವಾರವೂ ನನ್ನ ಹೆಸರು ಬಿಟ್ಟಿಲ್ಲ ಕಣೋ. ಮೊದಲನೇ ಜಾಗದಿಂದ ಕೆಳಗೂ ಇಳಿಸಿಲ್ಲ.

ಕೊನೇದು ಈ ಜನವರಿ ಇಪ್ಪತ್ತು. ಅಕ್ಷರ ಅಲುಗಾಡಿದೆ. "ಡಾಕ್ಟರು ನನಗೆ ಹೇಳಿಬಿಟ್ಟರು. ನಾನು ಇನ್ನು ಬರುವುದಿಲ್ಲ ಎಂದು ಒಂದನೇ ಕ್ಲಾಸಿನ ಮಕ್ಕಳಿಗೆ ಹೇಗೆ ಹೇಳುವುದು? ಗೊತ್ತಾಗುತ್ತಿಲ್ಲ. ಬೇಗ ತಿಳಿಸಿ."

ಬೇಗ ತಿಳಿಸಿ!

ಭಾರತಮ್ಮನ ಜಗಲಿ ಮೇಲೆ ಕೂತು ಅತ್ತೆ. ದನಿ ಇಲ್ಲದೆ ಅಳೋದು ನನಗೆ ಬರ್ತಿರಲಿಲ್ಲ, ಅವತ್ತು ಬಂತು. ಆಯಮ್ಮ ಒಂದು ಲೋಟ ಮಜ್ಜಿಗೆ ತಂದು ಪಕ್ಕದಲ್ಲಿಟ್ಟು, ಮತ್ತೆ ಅಕ್ಕಿ ಆರಿಸೋಕೆ ಕೂತರು.

ಪ್ರಿಯಂವದಾಗೆ ಫೋನ್ ಮಾಡಿದೆ. ಈಗ ಮಾಲೂರಿನಲ್ಲೇ ಹೆಡ್‌ಮಿಸ್. "ಸಾರ್, ಪುಸ್ತಕ ಬಂದ್ರೆ ನನ್ನ ಜಾಗದಲ್ಲಿ ಬರೀತೀನಿ. ಮಾತು ಬೇಡ ಸಾರ್" ಅಂದಳು. ಆಗಲಿ ಅಂದೆ.

ಈ ಕಾಗದಕ್ಕೆ ಬೇಕಾದ ಪುಟಗಳನ್ನ ಬರೆದಿಟ್ಟುಕೊಂಡು, ಮೂರೂ ಪುಸ್ತಕವನ್ನ ನಿನ್ನೆ ವೆಂಕಟರತ್ನಮ್ಮನ ಅಂಗಡಿಯಲ್ಲಿ ಬಿಟ್ಟಿದ್ದೀನಿ. ನಾರಿನಲ್ಲಿ ಕಟ್ಟಿ, "ಮರುಗ ಅಲ್ವಾ ಸಾರೂ?" ಅಂತ ಕೇಳಿ ಸಿಕ್ಕಿಸಿದಳು. ಎಂಟೂವರೆ ವರ್ಷ ಆದರೂ ಮರೆತಿಲ್ಲ. ನೀನು ಹೋಗಿ ತಗೋ. ತೊಂಬತ್ತೆಂಟರಲ್ಲಿ ನನ್ನ ಕೈಯಲ್ಲಿ ನಿಂತದ್ದು ನಿನ್ನ ಸರದಿ. ಓದೋರು ಇಲ್ಲವಲ್ಲ, ಇನ್ನು ಉತ್ತರ ಯಾರಿಗೆ ಅಂತ ನೀನು ಕೇಳಬಹುದು. ಸಿದ್ರಾ ಇದ್ದಾಳೆ. ಬೆಂಚಿನ ಮೇಲೆ ನಿದ್ದೆ ಹೋಗೋ ಮಗು ಅವಳ ಕ್ಲಾಸಿಗೂ ಬರುತ್ತೆ.

ನನ್ನನ್ನ ಕ್ಷಮಿಸು ಅಂತ ಬರೆಯಲ್ಲ. ಆ ಮಾತನ್ನ ಎಷ್ಟು ರಾಗದಲ್ಲಿ ಹೇಳಬಹುದು ಅಂತ ನನಗೆ ಗೊತ್ತು, ಅದಕ್ಕೇ ಅದರ ಮೇಲೆ ನಂಬಿಕೆ ಹೋಗಿದೆ.

ಮೆಹರ್ ಬಾನು ಅವರಿಗೆ ನನ್ನ ಸಲಾಮು ಹೇಳು. ಅವರ ಕೈಯ ಶೀರ್‌ಖುರ್ಮಾ ಇಲ್ಲದೆ ಒಂಬತ್ತು ರಂಜಾನ್ ಹೋಯ್ತು ಅಂತ ಅಂಬಾಬಾಯಿ ಲೆಕ್ಕ ಇಟ್ಟಿದ್ದಾಳೆ. ಸಿದ್ರಾಗೆ ನನ್ನ ಆಶೀರ್ವಾದ. ಮಗಳೇ, ನಿನ್ನ ಕ್ಲಾಸಿನಲ್ಲಿ ಯಾವ ಮಗುವೂ ಪ್ರಶ್ನೆ ಕೇಳಿ ಬಿಸಿಲಲ್ಲಿ ನಿಲ್ಲದಿರಲಿ. ನಿನ್ನ ಪಕ್ಕದ ಬೆಂಚಿನಲ್ಲಿ ನನ್ನಂಥವನು ಕೂರದಿರಲಿ. ನೂರು ವರ್ಷ ಬಾಳು.

ಇಂತಿ,
ನಿನ್ನ ಸೀತು
(ಸೀತಾರಾಮ)

ತಾ.ಕ.: ಕಾಗದ ಮಡಿಸಿ, ಲಕೋಟೆಗೆ ಹಾಕಿ, ಅಂಟು ಹಚ್ಚೋ ಮುಂಚೆ ಮತ್ತೆ ತೆಗೆದೆ.

ಮೇಲೆ ಸಾರಿನ ವಾಸನೆ, ಮೈಕು, ನಮ್ಮಪ್ಪನ ಮಾತು ಅಂತೆಲ್ಲ ಬರೆದೆನಲ್ಲ, ಅದೆಲ್ಲ ನಿಜವೇ. ಆದರೆ ಕಾರಣ ಅದಲ್ಲ. ಆ ಪುಟ ಆಗಸ್ಟ್ ಇಪ್ಪತ್ತೊಂಬತ್ತಕ್ಕೇ ನನ್ನ ಕೈಗೆ ಬಂದಿತ್ತು. ಒಂದು ವಾರ ಪೂರ್ತಿ ಅದರ ಮುಂದೆ ಕೂತೆ. ನನ್ನ ಹೆಸರಿನ ಕೆಳಗೆ ಒಂದಕ್ಷರ ಬರೆಯೋಕೆ ಆಗಲಿಲ್ಲ. ಯಾಕೆಂದರೆ ಉತ್ತರ ನನಗೂ ಗೊತ್ತಿರಲಿಲ್ಲ, ಮುಖ್ತಿಯಾರ್. ಇಪ್ಪತ್ತೆರಡು ವರ್ಷದಿಂದ ನಾನೂ ಮಗುಚಿ ಹಾಕಿ ಅಂತಲೇ ಹೇಳ್ತಿದ್ದೆ. ನನ್ನ ಕ್ಲಾಸಿನಲ್ಲೂ ಒಬ್ಬ ಎದ್ದು ಕೇಳಿದ್ದ. ಅಂಜಮ್ಮ ಟೀಚರ್ ಬಿಸಿಲಲ್ಲಿ ನಿಲ್ಲಿಸಿದರು, ನಾನು ಕೆನ್ನೆಗೆ ಹೊಡೆದಿದ್ದೆ. "ನನಗೂ ಗೊತ್ತಿಲ್ಲ ಟೀಚರ್" ಅಂತ ಒಂದು ಸಾಲು ಬರೆದಿದ್ದರೆ ಪುಸ್ತಕ ನಿನ್ನ ಕೈಗೆ ಬರ್ತಿತ್ತು, ನೀನು ನಿಮಿಷದಲ್ಲಿ ತಿಳಿಸ್ತಿದ್ದೆ. ಅದನ್ನ ಬರೆಯೋದಕ್ಕಿಂತ ನಗಿಸೋದು ಸುಲಭವಾಯ್ತು.

ಇನ್ನೂ ಒಂದಿದೆ. ನೀಲಿ ರಟ್ಟಿನಲ್ಲಿ ಮೂರು ವರ್ಷ ನಾನು ಬರೆದ ಎಡಪುಟಗಳೆಲ್ಲ ನಾಟಕ. ಉತ್ತರ ಗೊತ್ತಿದ್ದ ಪ್ರಶ್ನೆಗಳನ್ನೇ ಬರೆದೆ. ನೀವು ಮೂವರೂ ನಂಬಿ, ತಲೆ ಕೆಡಿಸಿಕೊಂಡು, ಬಲಪುಟ ತುಂಬಿಸಿದಿರಿ.

ಆದ್ದರಿಂದ ಇದು ನನ್ನ ಮೊದಲನೇ ಎಡಪುಟ. ಇವತ್ತಿಗೂ ಗೊತ್ತಿಲ್ಲ ಕಣೋ, ಯಾರನ್ನೂ ಕೇಳಿಲ್ಲ. ಯಾಕೆ ಮಗುಚಬೇಕು? ಬರೆದು ತಿಳಿಸು. ಸೌಪರ್ಣಿಕಾ ಈಗ ಎಲ್ಲಿದ್ದಾಳೆ ಅಂತ ಭಾರತಮ್ಮನಿಗೆ ಗೊತ್ತಂತೆ. ನಾನು ಹೋಗಿ ಹೇಳಬೇಕು.